ಮರದಿಂದ ದೂರವಾದ ಸೇಂದಿ

ಕುಕನೂರು, ಯಲಬುರ್ಗಾ, ಕೊಪ್ಪಳದ ಸೀಮೆಯಲ್ಲಿ ಸೇಂದಿ ಅಂಗಡಿಗಳು ಮುಚ್ಚಿ ಎರಡು ದಶಕ ಕಳೆದವು. ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದ ಕರ್ನಾಟಕದಲ್ಲಿ 2004ರಲ್ಲಿ ಸೇಂದಿ ಮಾರಾಟ ನಿಂತಾಗ ಸರ್ಕಾರ ಮುಂದಿಟ್ಟ ಮುಖ್ಯ ಕಾರಣ ಕಲಬೆರಕೆ. ಆ ಕಾರಣ ಸುಳ್ಳಲ್ಲ. ಕ್ಲೋರಲ್ ಹೈಡ್ರೇಟ್ ಎಂಬ ಮಂಪರಿನ ಔಷಧ ಬೆರೆಸಿದ ನೀರನ್ನೇ ಸೇಂದಿಯೆಂದು ಮಾರುವ ಮಟ್ಟಕ್ಕೆ ಆ ವ್ಯಾಪಾರ ಇಳಿದಿತ್ತು. ಆದರೆ ಅದು ಹಾಗೇಕೆ ಇಳಿಯಿತೆಂದು ಯಾರೂ ವಿಚಾರಿಸಲಿಲ್ಲ. ಮರ ಹತ್ತುವವನ ಕೈಯಿಂದ ಅಂಗಡಿಯನ್ನು ಬಿಡಿಸಿ ಹರಾಜಿಗಿಟ್ಟ ದಿನವೇ ಸೇಂದಿ ಕೆಡಲು ಶುರುವಾಯಿತು ಎಂಬುದು ಈ ಕಸುಬಿನ ಚರಿತ್ರೆಯನ್ನು ನೋಡಿದರೆ ತಿಳಿಯುತ್ತದೆ.

ಬಯಲುಸೀಮೆಯ ಸೇಂದಿ ಹೆಚ್ಚಾಗಿ ಹಳ್ಳದ ದಂಡೆಯ ಈಚಲು ಮರದ್ದು. ಈಳಗೇರರು ಸಂಜೆ ಮರ ಹತ್ತಿ, ಸುಳಿಯ ಕೆಳಗೆ ಕೆತ್ತಿ ಗಡಿಗೆ ಕಟ್ಟುವರು. ರಾತ್ರಿಯೆಲ್ಲ ಸುರಿದ ರಸವನ್ನು ಬೆಳಿಗ್ಗೆ ಇಳಿಸುವರು. ಗಡಿಗೆಗೆ ಸುಣ್ಣ ಬಳಿದಿದ್ದರೆ ಅದು ಸಿಹಿ ನೀರಾ. ಬಳಿಯದಿದ್ದರೆ ತಾನಾಗಿ ಸೇರಿಕೊಂಡ ಯೀಸ್ಟಿನಿಂದ ಕೆಲವೇ ತಾಸಿನಲ್ಲಿ ನೊರೆಯೆದ್ದು ಸೇಂದಿಯಾಗುತ್ತದೆ. ಆಗ ಅದರ ಮದ್ಯಸಾರ ಶೇ 4-5ರ ಆಸುಪಾಸು. ಮರುದಿನಕ್ಕೆ ಹುಳಿಯೇರಿ ಕುಡಿಯಲು ಬಾರದಂತಾಗುತ್ತದೆ. ಚಳಿಗಾಲದಲ್ಲಿ ರಸ ಧಾರಾಳ, ಬೇಸಿಗೆಯಲ್ಲಿ ಕಡಿಮೆ. ಕೆತ್ತಿದ ಮರಕ್ಕೆ ಬಿಡುವೂ ಬೇಕು. ಹಾಗಾಗಿ ಯಾವ ಮರದ್ದು, ಎಷ್ಟು ಹೊತ್ತಿಗೆ ಇಳಿಸಿದ್ದು, ಗಡಿಗೆ ತೊಳೆದಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವನೇ ಅದನ್ನು ಸುರಿದು ಕೊಡಬೇಕು. ಹನ್ನೆರಡನೆಯ ಶತಮಾನದ ಶರಣ ಹೆಂಡದ ಮಾರಯ್ಯನ ಹೆಸರಿನಲ್ಲೇ ಕಸುಬು ಉಳಿದುಕೊಂಡಿದೆ. ಮಾರುವವನು ಯಾರೆಂದು ಊರಿಗೆ ಗೊತ್ತಿರುವುದೇ ಅಂಥ ಪೇಯಕ್ಕೆ ಇದ್ದ ಏಕೈಕ ಖಾತರಿ.

ಈ ಖಾತರಿಯನ್ನು ಕಳೆದದ್ದು ಬೊಕ್ಕಸದ ಹಸಿವು. ಕೊಪ್ಪಳ, ಯಲಬುರ್ಗಾ ಸೀಮೆ ಹೈದರಾಬಾದ್ ಸಂಸ್ಥಾನದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು, ಸಂಸ್ಥಾನಕ್ಕೆ ಅಬಕಾರಿ ದೊಡ್ಡ ಆದಾಯದ ಬಾಬಾಗಿತ್ತು. 1947ರಲ್ಲಿ ನಿಜಾಮನ ವಿರುದ್ಧ ಚಳವಳಿ ಕಾವೇರಿದಾಗ ಸೇಂದಿ ಮರ ಕಡಿಯುವುದೇ ಒಂದು ಹೋರಾಟವಾಯಿತು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರ, ಪುಂಡಲೀಕಪ್ಪ ಜ್ಞಾನಮೋಠೆಯವರ ಗಜೇಂದ್ರಗಡ ಶಿಬಿರ ಈ ಸೀಮೆಯ ಹೋರಾಟಕ್ಕೆ ಬಲ ತುಂಬಿದ ಕಾಲವದು. ಮೈಸೂರು ಸಂಸ್ಥಾನದ ತುರುವನೂರಿನಲ್ಲಿ 1939ರಲ್ಲೇ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆದಿತ್ತು. ಮರಕ್ಕೆ ಬಿದ್ದ ಕೊಡಲಿ ಖಜಾನೆಗೂ ಬೀಳುತ್ತದೆಂದು ಆ ಹೋರಾಟಗಾರರು ಅರಿತಿದ್ದರು. ಆದರೆ 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಕೊನೆಗೊಂಡರೂ ಅಬಕಾರಿಯ ಲೆಕ್ಕಾಚಾರ ಬದಲಾಗಲಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಕೆಳಗೆ 1969ರಲ್ಲಿ ಬಂದ ನಿಯಮಗಳು ಚಿಲ್ಲರೆ ಮಾರಾಟದ ಹಕ್ಕನ್ನು ಗುತ್ತಿಗೆಗಿಟ್ಟವು. ಹೆಚ್ಚು ಕೂಗಿದವನಿಗೆ ಅಂಗಡಿಗಳ ಗುಂಪೇ ಸಿಗುತ್ತಿತ್ತು. ಗುತ್ತಿಗೆದಾರನು ಕಟ್ಟಬೇಕಾದ ಕಿಸ್ತಿಗೆ ಚಳಿಗಾಲ, ಬೇಸಿಗೆ ಎಂಬ ಭೇದವಿರಲಿಲ್ಲ. ಮರ ರಸ ಕೊಡದ ತಿಂಗಳಲ್ಲೂ ಅಂಗಡಿ ತುಂಬಿರಲೇಬೇಕು. ಆ ಕೊರತೆಯನ್ನು ಮೊದಲು ನೀರು ತುಂಬಿತು, ಆಮೇಲೆ ಸ್ಯಾಕರಿನ್, ಕೊನೆಗೆ ಮಂಪರಿನ ಪುಡಿ. ಈಳಗೇರ ಕೂಲಿಯಾದ, ಲೋಟ ತುಂಬುವವನಿಗೆ ಮರದ ಪರಿಚಯವೇ ಇರಲಿಲ್ಲ.

ಇಂಗ್ಲೆಂಡಿನ ಪೀಪಾಯಿ ಬಿಯರಿಗೂ ಇಂಥದೇ ಕಥೆಯಿದೆ. ಅದೂ ಪೀಪಾಯಿಯೊಳಗೆ ಹುದುಗುತ್ತಲೇ ಇರುವ ಪೇಯ. ನೆಲಮಾಳಿಗೆಯಲ್ಲಿ ತಂಪಾಗಿಟ್ಟು, ತೆರೆದ ಮೇಲೆ ಸುಮಾರು ಮೂರು ದಿನದಲ್ಲಿ ಖಾಲಿ ಮಾಡಬೇಕು. ದೊಡ್ಡ ಕಂಪನಿಗಳು ಪಬ್ಬುಗಳನ್ನು ಕೊಂಡು, ಹುದುಗು ನಿಲ್ಲಿಸಿ ಅನಿಲ ತುಂಬಿದ ಬಿಯರನ್ನು ಎಲ್ಲೆಡೆ ಹರಡಿದಾಗ 1971ರಲ್ಲಿ ಕುಡಿಯುವವರೇ ಸಂಘ ಕಟ್ಟಿ ಪ್ರತಿಭಟಿಸಿದರು. 1979ರಲ್ಲಿ ಶುರುವಾದ ವೆದರ್‌ಸ್ಪೂನ್ ಎಂಬ ಪಬ್ ಸರಪಳಿ ಇಂದಿಗೂ ಪೀಪಾಯಿ ಬಿಯರ್ ಮಾರುತ್ತದೆ. ಹಾಗಾದರೆ ಅಂಗಡಿ ನೂರಿದ್ದರೂ ತೊಂದರೆಯಿಲ್ಲ, ನೆಲಮಾಳಿಗೆಯನ್ನು ನೋಡಿಕೊಳ್ಳುವ ಕೈ ಬಲ್ಲದ್ದಾಗಿರಬೇಕು, ಪೀಪಾಯಿ ಹಳಸುವ ಮುನ್ನ ಖಾಲಿಯಾಗುವಷ್ಟು ಗಿರಾಕಿಗಳಿರಬೇಕು. ನಮ್ಮ ಗುತ್ತಿಗೆ ಪದ್ಧತಿ ಬೆಲೆ ಕಟ್ಟದೆ ಬಿಟ್ಟದ್ದು ಈ ಬಲ್ಲ ಕೈಗೇ.

ಕುಡಿತವೇ ಮನೆ ಮುರಿಯುವಾಗ ಒಳ್ಳೆಯ ಸೇಂದಿ, ಕೆಟ್ಟ ಸೇಂದಿ ಎಂಬ ಚರ್ಚೆ ಯಾಕೆ ಎಂದು ಕೇಳಬಹುದು. ಕುಡಿತದ ವಿರುದ್ಧ ಬೀದಿಗಿಳಿದ ಹೆಣ್ಣುಮಕ್ಕಳ ನೋವಿನಿಂದ ಬಂದ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸಂವಿಧಾನದ 47ನೇ ವಿಧಿಯೂ ಪಾನನಿರೋಧದತ್ತಲೇ ಕೈ ತೋರಿಸುತ್ತದೆ. ಆದರೆ ನಡೆದದ್ದು ಪಾನನಿರೋಧವಲ್ಲ. 2003ರಲ್ಲಿ ಹುಟ್ಟಿದ ರಾಜ್ಯ ಪಾನೀಯ ನಿಗಮದ ಮಳಿಗೆಗಳಿಂದ ಶೇ 42.8 ಮದ್ಯಸಾರದ ಬಾಟಲಿಗಳು ಹಳ್ಳಿಹಳ್ಳಿಗೆ ಬರುತ್ತಲೇ ಇವೆ. 2007ರ ಜುಲೈ 1ರಿಂದ ಸಾರಾಯಿ ನಿಂತ ಮೇಲೆ ಬಡವನಿಗೂ ಆ ಬಾಟಲಿಯೇ ಗತಿ. ಶೇ 5ರದ್ದನ್ನು ನಿಲ್ಲಿಸಿ ಅದರ ಎಂಟು ಪಟ್ಟಿಗಿಂತ ಕಟುವಾದುದನ್ನು ಮಾರುವುದು ಮನೆ ಉಳಿಸುವ ದಾರಿಯಾಗಲಾರದು. ಇನ್ನೊಂದು ಆಕ್ಷೇಪ ತೆಲಂಗಾಣವನ್ನು ತೋರಿಸುತ್ತದೆ: ಅಲ್ಲಿ ಮರ ಹತ್ತುವವರಿಗೇ, ಅವರ ಸಹಕಾರ ಸಂಘಗಳಿಗೇ ಪರವಾನಗಿ ಇದ್ದರೂ ಕಲಬೆರಕೆ ನಿಂತಿಲ್ಲವಲ್ಲ? ನಿಜ, 2025ರಲ್ಲೂ ಹೈದರಾಬಾದಿನಲ್ಲಿ ಅದಕ್ಕೆ ಜೀವಗಳು ಬಲಿಯಾದವು. ಆದರೆ ಅದು ಮರಗಳಿಲ್ಲದ ಮಹಾನಗರದ ಅಂಗಡಿಗಳಲ್ಲಿ ಆದದ್ದು. ಪರವಾನಗಿ ಯಾರ ಹೆಸರಿನಲ್ಲಿದ್ದರೂ ಮರವೇ ಇಲ್ಲದಲ್ಲಿ ಸೇಂದಿ ಮಾರಹೊರಟರೆ ಪುಡಿಯೇ ಗತಿ ಎಂಬುದನ್ನು ಆ ದುರಂತವೂ ಸಾರಿ ಹೇಳುತ್ತದೆ.

ಆದ್ದರಿಂದ ಕುಕನೂರಿನಂಥ ಊರಿಗೆ ಸೇಂದಿ ಮರಳಬೇಕೇ ಬೇಡವೇ ಎಂಬುದನ್ನು ಆ ಊರಿನವರೇ, ಮುಖ್ಯವಾಗಿ ಅಲ್ಲಿನ ಹೆಂಗಸರೇ ತೀರ್ಮಾನಿಸಲಿ. ಮರಳುವುದಾದರೆ ಹರಾಜು ಇರಬಾರದು, ಪರವಾನಗಿ ಮರಗಳ ಎಣಿಕೆಯನ್ನು ಮೀರಬಾರದು, ಇಳಿಸಿದ ದಿನವೇ ಆ ಊರಲ್ಲೇ ಮಾರಾಟ ಮುಗಿಯಬೇಕು. ಬೇಡವೆಂದರೂ ಒಂದು ನ್ಯಾಯ ಬಾಕಿ ಉಳಿಯುತ್ತದೆ: ಗುತ್ತಿಗೆದಾರನ ಕಿಸ್ತು ಮಾಡಿದ ಅಪರಾಧವನ್ನು ಈಳಗೇರನ ಕಸುಬಿನ ತಲೆಗೆ ಕಟ್ಟಿದ್ದು ತಪ್ಪೆಂದು ನಮ್ಮ ಅಬಕಾರಿ ಚರಿತ್ರೆ ಸ್ಪಷ್ಟವಾಗಿ ಬರೆದಿಡಬೇಕು.