ಬಾಯ್ಲರ್ ಕಾರ್ಖಾನೆಗೆ ಹೋದ ಗಡ್ಡೆಗಳು

ಹೊಟ್ಟೆ ಉಬ್ಬಿದೆ. ಒಳಗಿರುವುದು ಮಗುವೋ, ನೀರೋ, ಗಡ್ಡೆಯೋ? ಶತಮಾನಗಳ ಕಾಲ ಇದಕ್ಕೆ ಉತ್ತರ ಹೇಳಬೇಕಾಗಿದ್ದುದು ವೈದ್ಯರ ಬೆರಳುಗಳೇ.

ಅಮೆರಿಕದ ಕೆಂಟಕಿಯ ಜೇನ್ ಟಾಡ್ ಕ್ರಾಫರ್ಡ್ ದಿನ ತುಂಬಿಯೂ ಹೆರಿಗೆಯಾಗದ ಬಸುರಿ ಎಂದೇ ಎಲ್ಲರೂ ನಂಬಿದ್ದರು. 1809ರ ಡಿಸೆಂಬರಿನಲ್ಲಿ ಆಕೆಯನ್ನು ಪರೀಕ್ಷಿಸಿದ ವೈದ್ಯ ಎಫ್ರೇಮ್ ಮ್ಯಾಕ್‌ಡೊವೆಲ್, ಅದು ಬಸಿರಲ್ಲ, ಅಂಡಾಶಯದ ಗಡ್ಡೆ ಎಂದರು. ಅರಿವಳಿಕೆ ಇನ್ನೂ ಬಾರದಿದ್ದ ಕಾಲ. ಆಕೆ ಸುಮಾರು 60 ಮೈಲಿ ಕುದುರೆಯ ಮೇಲೆ ವೈದ್ಯರಿದ್ದ ಡ್ಯಾನ್‌ವಿಲ್ ಊರಿಗೆ ಬಂದು ಕೊಯ್ಯಿಸಿಕೊಂಡರು. ಹೊರಬಂದ ಗಡ್ಡೆಯ ತೂಕ ಸುಮಾರು 10 ಕಿಲೋ. ಅಲ್ಲಿಂದ ಮುಂದೆ ಆಕೆ 30ಕ್ಕೂ ಹೆಚ್ಚು ವರ್ಷ ಬದುಕಿದರು.

ಎಲ್ಲರ ಬೆರಳೂ ಹಾಗೆ ಗುರಿ ಮುಟ್ಟುತ್ತಿರಲಿಲ್ಲ. ಬೆರಳಿನಿಂದ ತಟ್ಟಿ ಸದ್ದು ಕೇಳುವ ಪದ್ಧತಿಯನ್ನು ಆಸ್ಟ್ರಿಯಾದ ವೈದ್ಯ ಔಯೆನ್‌ಬ್ರುಗರ್ 1761ರಲ್ಲೇ ಎದೆಯ ಪರೀಕ್ಷೆಗಾಗಿ ಪ್ರಕಟಿಸಿದ್ದರು. ಹೊಟ್ಟೆಗೂ ಅದು ಒದಗಿತು. ಅಂಗಾತ ಮಲಗಿದವರ ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಪಕ್ಕೆಗಳಲ್ಲಿ ಮಂದ ಸದ್ದು. ಅಂಡಾಶಯದ ದೊಡ್ಡ ನೀರುಗಡ್ಡೆಯಾದರೆ ನಡುಹೊಟ್ಟೆಯಲ್ಲಿ ಮಂದ ಸದ್ದು. ಆದರೆ ಬೊಜ್ಜು ಅಡ್ಡ ಬಂದರೆ, ಗಡ್ಡೆ ಹೊಟ್ಟೆಯನ್ನೆಲ್ಲ ಆವರಿಸಿದ್ದರೆ ಲೆಕ್ಕ ತಪ್ಪುತ್ತಿತ್ತು. 1895ರಲ್ಲಿ ಬಂದ ಎಕ್ಸ್‌ರೇಯಲ್ಲಿ ಮೂಳೆ ಸ್ಪಷ್ಟ. ಮೆದು ಅಂಗಗಳೆಲ್ಲ ಒಂದೇ ಮಬ್ಬು.

ದಾರಿ ತೆರೆದದ್ದು ಸ್ಕಾಟ್ಲೆಂಡಿನ ಒಂದು ಬಾಯ್ಲರ್ ಕಾರ್ಖಾನೆಯಲ್ಲಿ. ಅಲ್ಲಿ ಉಕ್ಕಿನ ಬೆಸುಗೆಯ ಬಿರುಕುಗಳನ್ನು ಶ್ರವಣಾತೀತ ಧ್ವನಿಯಿಂದ ಹುಡುಕುತ್ತಿದ್ದರು. ಗ್ಲಾಸ್ಗೋದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದವರು, ರೇಡಾರ್ ಬಲ್ಲವರು. 1955ರ ಜುಲೈನಲ್ಲಿ ಅವರು ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟು ಆ ಕಾರ್ಖಾನೆಯಿದ್ದ ರೆನ್‌ಫ್ರೂಗೆ ಒಯ್ದರು. ಹೋಲಿಸಿ ನೋಡಲು ಕಾರ್ಖಾನೆಯವರು ದನದ ಮಾಂಸದ ದೊಡ್ಡ ತುಂಡೊಂದನ್ನು ಇಟ್ಟಿದ್ದರು. ನೀರುಗಡ್ಡೆಯೊಳಗೆ ಧ್ವನಿ ಸಲೀಸಾಗಿ ಹಾದು ಆಚೆಯ ಗೋಡೆಯಿಂದ ಮರುದನಿ ಕೊಟ್ಟಿತು. ಗರ್ಭಕೋಶದ ಗಟ್ಟಿ ಗಡ್ಡೆಯಲ್ಲಿ ಒಳಗೆಲ್ಲ ಮರುದನಿಗಳೆದ್ದು, ಆಳಕ್ಕೆ ಹೋದಂತೆ ಕುಗ್ಗಿದವು.

ಕೆಲ್ವಿನ್ ಅಂಡ್ ಹ್ಯೂಸ್ ಕಂಪನಿಯ ಯುವ ಎಂಜಿನಿಯರ್ ಟಾಮ್ ಬ್ರೌನ್ ಮತ್ತು ವೈದ್ಯ ಜಾನ್ ಮ್ಯಾಕ್‌ವಿಕರ್, ಡೊನಾಲ್ಡರ ಜೊತೆಗೂಡಿದರು. ಮೊದಮೊದಲು ಧ್ವನಿಯನ್ನು ದೇಹದೊಳಗೆ ದಾಟಿಸಲು ರೋಗಿಯ ಹೊಟ್ಟೆಯ ಮೇಲೆ ನೀರಿನ ಪಾತ್ರೆಯನ್ನೇ ನಿಲ್ಲಿಸಬೇಕಿತ್ತು. ನೀರು ಚೆಲ್ಲಿ ಹಾಸಿಗೆಯೆಲ್ಲ ಒದ್ದೆ. ಆಮೇಲೆ ಚರ್ಮಕ್ಕೆ ಎಣ್ಣೆ ಸವರಿ ಯಂತ್ರದ ತುದಿಯನ್ನು ನೇರವಾಗಿ ಒತ್ತಿದರು.

ಆಗ ಒಬ್ಬ ಹೆಂಗಸು ಬಂದರು. ಹೊಟ್ಟೆಯಲ್ಲಿ ನೀರು ತುಂಬಿದೆ, ಜಠರದ ಕ್ಯಾನ್ಸರ್, ಉಳಿಯುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದ್ದರು. ಯಂತ್ರ ಬೇರೆಯದನ್ನೇ ತೋರಿಸಿತು: ಹೊಟ್ಟೆ ತುಂಬ ಒಂದೇ ನೀರುಗಡ್ಡೆ. ಅಂಡಾಶಯದ ಆ ಗಡ್ಡೆ ಕ್ಯಾನ್ಸರ್ ಆಗಿರಲಿಲ್ಲ. ಅದನ್ನು ತೆಗೆದರು, ಆಕೆ ಗುಣವಾದರು.

1958ರ ಜೂನ್ 7ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೂವರ ವರದಿ ಬಂತು. ಬಸಿರಿನ ಚಿತ್ರಗಳೂ ಅದರಲ್ಲಿದ್ದವು. ಆದರೆ ಶೀರ್ಷಿಕೆ ಹೇಳಿದ್ದು ಹೊಟ್ಟೆಯ ಗಡ್ಡೆಗಳ ಶೋಧನೆಯ ಬಗ್ಗೆ. ಮುಂದೆ ಯಂತ್ರಕ್ಕೆ ಹೆಸರು ತಂದದ್ದು ಮಾತ್ರ ಬಸಿರೇ. ಭಾರತದಲ್ಲಂತೂ ಅದೇ ಯಂತ್ರ ಹೆಣ್ಣುಭ್ರೂಣಗಳ ಪಾಲಿಗೆ ಕಂಟಕವಾಗಿ, 1994ರಲ್ಲಿ ಕಾನೂನೇ ಬರಬೇಕಾಯಿತು. ಕರ್ನಾಟಕದ ಸ್ಕ್ಯಾನಿಂಗ್ ಕೇಂದ್ರಕ್ಕೆ ಗಡ್ಡೆ ತೋರಿಸಲು ಹೋದವರೂ ಮೊದಲು ಓದುವುದು ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಫಲಕವನ್ನು.