ಊರೂರು ಅಲೆದ ಆಟದ ಗುರು

ಒಂದೇ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ, ತಂದೆಗೂ ಮಗನಿಗೂ ಅದೇ ಕೊಠಡಿಯಲ್ಲಿ ಅಕ್ಷರ ತಿದ್ದಿಸಿದ ಉಪಾಧ್ಯಾಯರನ್ನು ಜನ ಗೌರವದಿಂದ ನೆನೆಯುತ್ತಾರೆ. ಊರೂರು ತಿರುಗಿದವರನ್ನು ಕುರಿತು ಮಾತ್ರ, “ಪಾಪ, ಕಾಲಿಗೆ ಚಕ್ರ ಕಟ್ಟಿಕೊಂಡವರು” ಎಂದು ಒಂದು ಮಾತು ಆಡಿ ಸುಮ್ಮನಾಗುವುದು ವಾಡಿಕೆ. ಆದರೆ ಅವರು ಎಲ್ಲಿಂದ ಎಲ್ಲಿಗೆ ಹೋದರು, ಹೋದಲ್ಲಿ ಏನು ಮಾಡಿದರು ಎಂದು ವಿಚಾರಿಸಿ ನೋಡಿದರೆ, ಕೆಲವರ ಅಲೆದಾಟವೇ ಒಂದು ನಾಡಿನ ಚರಿತ್ರೆಯಾಗಿ ಕಾಣುವುದುಂಟು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಶಿಕ್ಷಕ ಜಾನ್ ಮೆಕ್ಲೆಂಡನ್ ಅವರದು ಅಂಥ ಜೀವನ.

ಬ್ಯಾಸ್ಕೆಟ್‌ಬಾಲ್ ತಾನಾಗಿ ಬೆಳೆದುಬಂದ ಆಟವಲ್ಲ. ಒಬ್ಬ ಮೇಷ್ಟರು ಕುಳಿತು ಯೋಚಿಸಿ ಹೂಡಿದ ಆಟ. ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ಶಿಕ್ಷಣಶಾಲೆಯಲ್ಲಿ ಚಳಿಗಾಲದಲ್ಲಿ ಹೊರಗೆ ಆಡಲಾಗದ ಹುಡುಗರಿಗಾಗಿ 1891ರ ಡಿಸೆಂಬರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬವರು ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು ಇದನ್ನು ಆಡಿಸಿದರು. ಮದರಾಸಿನಲ್ಲಿ 1920ರಲ್ಲಿ ವ್ಯಾಯಾಮ ಶಿಕ್ಷಣಶಾಲೆಯನ್ನು ತೆರೆದ ಹ್ಯಾರಿ ಕ್ರೋ ಬಕ್ ಅವರೂ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತವರೇ. ನೈಸ್ಮಿತ್ ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಬಂದು ವ್ಯಾಯಾಮಶಾಸ್ತ್ರದ ಅಧ್ಯಾಪಕರಾಗಿ ನೆಲೆಸಿದರು.

ಆ ವಿಶ್ವವಿದ್ಯಾನಿಲಯಕ್ಕೆ 1933ರಲ್ಲಿ ಮೆಕ್ಲೆಂಡನ್ ವಿದ್ಯಾರ್ಥಿಯಾಗಿ ಬಂದರು. 1915ರ ಏಪ್ರಿಲ್ 5ರಂದು ಅದೇ ಸೀಮೆಯ ಹಯವಾಥ ಎಂಬ ಊರಿನಲ್ಲಿ ಹುಟ್ಟಿದವರು, ಕಪ್ಪು ಜನಾಂಗದವರು. ನೈಸ್ಮಿತ್ತರ ಕೊಠಡಿಗೆ ನೇರವಾಗಿ ಹೋಗಿ, ತಾವೇ ನನಗೆ ಗುರುಗಳಾಗಬೇಕು ಎಂದರಂತೆ. ಹಾಗೆಂದು ಯಾರು ಹೇಳಿದರು ಎಂದು ಕೇಳಿದ್ದಕ್ಕೆ, ನನ್ನ ತಂದೆ ಹೇಳಿದರು ಎಂದು ಉತ್ತರ. ತಂದೆಯ ಮಾತು ಎಂದಿಗೂ ಸರಿಯೇ ಎಂದು ವೃದ್ಧ ಗುರುಗಳು ಹುಡುಗನನ್ನು ಕುಳ್ಳಿರಿಸಿಕೊಂಡರು.

ಇಲ್ಲಿ ನಮಗೆ ಏಕಲವ್ಯನ ನೆನಪು ಬಾರದಿರದು. ಭಾರತದ ಕಥೆಯಲ್ಲಿ ಗುರುವೇ ಶಿಷ್ಯನನ್ನು ಹೊರಗಿಟ್ಟನು. ಇಲ್ಲಿ ಗುರು ಒಪ್ಪಿದರು, ಅಂಗಳ ಒಪ್ಪಲಿಲ್ಲ. ಕ್ಯಾನ್ಸಸ್ಸಿನ ತಂಡದಲ್ಲಿ ಆಗ ಕಪ್ಪು ವಿದ್ಯಾರ್ಥಿಗಳಿಗೆ ಸ್ಥಾನವಿರಲಿಲ್ಲ. ಆಟವನ್ನು ಹೂಡಿದವರ ಬಾಯಿಂದಲೇ ಅದರ ಮರ್ಮವನ್ನು ಕಲಿತವರಿಗೆ ಅದೇ ವಿದ್ಯಾನಿಲಯದ ಪರವಾಗಿ ಒಂದು ದಿನವೂ ಆಡುವ ಅವಕಾಶ ದೊರೆಯಲಿಲ್ಲ. ವ್ಯಾಯಾಮ ಪದವಿಗೆ ಈಜು ಬರಬೇಕೆಂಬ ನಿಯಮವಿತ್ತು. ಆದರೆ ಈಜುಕೊಳ ಬಿಳಿಯರಿಗೆ ಮೀಸಲು. ಮೆಕ್ಲೆಂಡನ್ ಇಳಿದು ಈಜಿದರು. ಅವರು ಮೇಲೆದ್ದ ಮೇಲೆ ಕೊಳದ ನೀರನ್ನೆಲ್ಲ ಹೊರಗೆ ಬಿಟ್ಟರು! ಅವರು ಹಟ ಬಿಡಲಿಲ್ಲ, ಗುರುಗಳು ಬೆಂಬಲ ಬಿಡಲಿಲ್ಲ. ಕಡೆಗೆ ಕೊಳ ಎಲ್ಲರಿಗೂ ತೆರೆಯಿತು. 1936ರಲ್ಲಿ ಪದವಿ ಕೈಗೆ ಬಂತು.

ಅಯೋವದಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ಮುಗಿಸಿ, 1937ರಲ್ಲಿ ಅವರು ದಕ್ಷಿಣದ ಡರ್ಹಮ್ ನಗರಕ್ಕೆ ಬಂದರು. ಅಲ್ಲಿದ್ದ ನಾರ್ತ್ ಕ್ಯಾರೊಲಿನ ಕಾಲೇಜು ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಇದ್ದದ್ದು. ಮೊದಲು ಸಹಾಯಕರಾಗಿದ್ದು, 1940ರಲ್ಲಿ ತಂಡದ ಮುಖ್ಯ ಶಿಕ್ಷಕರಾದರು. ಅದುವರೆಗೆ ಬ್ಯಾಸ್ಕೆಟ್‌ಬಾಲ್ ನಿಧಾನದ ಆಟ. ಒಮ್ಮೆ ಚೆಂಡು ಬುಟ್ಟಿಗೆ ಬಿತ್ತೆಂದರೆ ಮತ್ತೆ ಎಲ್ಲರೂ ನಡುವಿಗೆ ಬಂದು, ಚೆಂಡನ್ನು ಮೇಲಕ್ಕೆಸೆದು ಪ್ರಾರಂಭಿಸಬೇಕಾಗಿತ್ತು. ಆ ಪದ್ಧತಿ 1937ರಲ್ಲಿ ರದ್ದಾಯಿತು. ಇದರಿಂದ ತೆರೆದ ದಾರಿಯನ್ನು ಮೆಕ್ಲೆಂಡನ್ ಚೆನ್ನಾಗಿ ಕಂಡುಕೊಂಡರು. ಅಂಗಳದ ಈ ತುದಿಯಿಂದ ಆ ತುದಿಯವರೆಗೂ ಎದುರಾಳಿಯನ್ನು ಬಿಡದೆ ಕಾಡುವುದು, ಚೆಂಡು ಸಿಕ್ಕೊಡನೆ ಅವರು ಸಾವರಿಸಿಕೊಳ್ಳುವ ಮುನ್ನವೇ ಮೂವರು ಮೂರು ದಾರಿಯಲ್ಲಿ ಓಡಿ ಬುಟ್ಟಿಯನ್ನು ತಲಪುವುದು, ಇದು ಅವರ ಕ್ರಮ. ಇದಕ್ಕೆ ದೊಡ್ಡ ಉಸಿರು ಬೇಕು. ಆದುದರಿಂದ ಹುಡುಗರನ್ನು ಮೈಲಿಗಟ್ಟಲೆ ಓಡಿಸಿ ಹುರಿಗೊಳಿಸಿದರು.

ಆದರೆ ಆ ಹುಡುಗರು ಆಡಬೇಕಾದುದು ಯಾರೊಂದಿಗೆ? ದೇಶದ ದೊಡ್ಡ ಪಂದ್ಯಗಳಿಗೆ ಅವರಿಗೆ ಕರೆಯಿಲ್ಲ. ಅದೇ ಊರಿನಲ್ಲಿದ್ದ ಡ್ಯೂಕ್ ವಿಶ್ವವಿದ್ಯಾನಿಲಯ ಬಿಳಿಯರದು. ಅದರ ವೈದ್ಯಕೀಯ ಶಾಲೆಯಲ್ಲಿ ಯುದ್ಧಕಾಲದ ಶಿಕ್ಷಣಕ್ಕೆಂದು ಬಂದಿದ್ದವರಲ್ಲಿ ಬೇರೆ ಬೇರೆ ಕಾಲೇಜುಗಳ ಹಳೆಯ ಆಟಗಾರರಿದ್ದು, ಅವರದೂ ಬಲವಾದ ತಂಡವಾಗಿತ್ತು. ಇಬ್ಬರಲ್ಲಿ ಯಾರು ಮೇಲು ಎಂಬ ಕುತೂಹಲ ಎರಡು ಕಡೆಯಲ್ಲೂ ಹುಟ್ಟಿತು. ಒಟ್ಟಿಗೆ ಆಡುವುದು ಅಪಾಯದ ಕೆಲಸ. ಆ 1944ನೆಯ ಇಸವಿಯಲ್ಲೇ, ಜುಲೈ ತಿಂಗಳಿನಲ್ಲಿ, ಬಸ್ಸಿನಲ್ಲಿ ಕುಳಿತುಕೊಳ್ಳುವ ಜಾಗದ ವಿಷಯಕ್ಕೆ ಮಾತು ಬೆಳೆದು ಒಬ್ಬ ಕಪ್ಪು ಸೈನಿಕನನ್ನು ಬಸ್ಸಿನ ಚಾಲಕ ಡರ್ಹಮ್ಮಿನ ಬೀದಿಯಲ್ಲೇ ಗುಂಡಿಕ್ಕಿ ಕೊಂದ. ನ್ಯಾಯಾಲಯ ಅವನನ್ನು ನಿರಪರಾಧಿಯೆಂದು ಬಿಟ್ಟಿತು. ಊರಿನ ಹವೆ ಹೀಗಿತ್ತು.

ಆದರೂ ಆಡಿದರು. 1944ರ ಮಾರ್ಚ್ 12, ಭಾನುವಾರ ಬೆಳಿಗ್ಗೆ. ಊರಿನವರು ಚರ್ಚಿನಲ್ಲಿದ್ದ ಹೊತ್ತು. ಬಿಳಿಯ ಹುಡುಗರು ಎರವಲು ಕಾರುಗಳಲ್ಲಿ ಸುತ್ತುದಾರಿ ಹಿಡಿದು ಬಂದು, ಕೋಟಿನಿಂದ ತಲೆ ಮರೆಸಿಕೊಂಡು ಒಳಗೆ ಸೇರಿದರು. ಬಾಗಿಲಿಗೆ ಅಗಳಿ ಬಿತ್ತು. ಪ್ರೇಕ್ಷಕರಿಲ್ಲ, ಸುಳಿವು ಸಿಕ್ಕಿದ ಕೆಲವು ವಿದ್ಯಾರ್ಥಿಗಳು ಮಾತ್ರ ಕಿಟಕಿಗೆ ಹತ್ತಿ ಇಣುಕಿ ನೋಡಿದರು. ಮೊದಲು ಎರಡು ಕಡೆಯವರಿಗೂ ಕೈಕಾಲು ಬಿಗಿದಂತಿತ್ತು. ಬರಬರುತ್ತ ಮೆಕ್ಲೆಂಡನ್ನರ ಓಟದ ಆಟ ಬಿಸಿಯೇರಿತು. ಮುಗಿದಾಗ ಅವರ ತಂಡಕ್ಕೆ 88, ಡ್ಯೂಕಿನವರಿಗೆ 44. ಸರಿಯಾಗಿ ಇಮ್ಮಡಿ!

ಇದಕ್ಕಿಂತ ದೊಡ್ಡ ಸಂಗತಿ ಆಮೇಲೆ ನಡೆಯಿತು. ಸ್ವಲ್ಪ ಸುಧಾರಿಸಿಕೊಂಡು ಹುಡುಗರು ಮತ್ತೊಂದು ಪಂದ್ಯ ಆಡಿದರು. ಈ ಸಲ ಕಪ್ಪು ಬಿಳಿ ಎಂದು ಪಕ್ಷ ಕಟ್ಟಲಿಲ್ಲ. ಅಂಗಿ ತೊಟ್ಟವರದೊಂದು ಪಕ್ಷ, ಬಿಚ್ಚಿದವರದೊಂದು ಪಕ್ಷ. ಎರಡರಲ್ಲೂ ಎರಡು ಜನಾಂಗದವರು. ಬಳಿಕ ವಿದ್ಯಾರ್ಥಿನಿಲಯದಲ್ಲಿ ಕುಳಿತು ಹರಟಿ, ಬಂದ ದಾರಿಯಲ್ಲೇ ಹೋದರು. ಸುದ್ದಿ ತಿಳಿದಿದ್ದ ಪತ್ರಿಕಾಬಾತ್ಮೀದಾರನೂ ಹುಡುಗರ ಕ್ಷೇಮಕ್ಕಾಗಿ ಬರೆಯದೆ ಬಿಟ್ಟ. ಯಾವ ದಾಖಲೆಯ ಪುಸ್ತಕದಲ್ಲೂ ಸೇರದೆ ಈ ಪಂದ್ಯ ಐವತ್ತೆರಡು ವರ್ಷ ಮರೆಯಲ್ಲಿತ್ತು. ಸ್ಕಾಟ್ ಎಲ್ಸ್‌ವರ್ತ್ ಎಂಬ ಇತಿಹಾಸಕಾರರು ಆಡಿದವರನ್ನೇ ಹುಡುಕಿ ವಿಚಾರಿಸಿ 1996ರಲ್ಲಿ ಬೆಳಕಿಗೆ ತಂದರು.

1952ರಲ್ಲಿ ಮೆಕ್ಲೆಂಡನ್ ಡರ್ಹಮ್ ಬಿಟ್ಟು ಹ್ಯಾಂಪ್ಟನ್ನಿಗೆ ಹೋದರು. 1954ರಲ್ಲಿ ಅಲ್ಲಿಂದ ನ್ಯಾಶ್‌ವಿಲ್ಲಿನ ಟೆನ್ನೆಸಿ ಎ. ಅಂಡ್ ಐ. ಕಾಲೇಜಿಗೆ. ಇವೂ ಕಪ್ಪು ಕಾಲೇಜುಗಳೇ. ಈ ನಡುವೆ ತಮ್ಮಂಥ ಇತರ ಶಿಕ್ಷಕರೊಡನೆ ಸೇರಿ, ರಾಷ್ಟ್ರಮಟ್ಟದ ಪಂದ್ಯಗಳ ಬಾಗಿಲನ್ನು ತಟ್ಟುತ್ತಲೇ ಇದ್ದರು. ಸಣ್ಣ ಕಾಲೇಜುಗಳ ಸಂಘವೊಂದು 1953ರಲ್ಲಿ ಬಾಗಿಲು ತೆರೆಯಿತು. ಮೆಕ್ಲೆಂಡನ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ಕ್ಯಾನ್ಸಸ್ ಸಿಟಿಯ ಪಂದ್ಯಕ್ಕೆ ಆಹ್ವಾನ ಬಂದಾಗ, ಉಳಿದ ತಂಡಗಳು ಇಳಿದುಕೊಳ್ಳುವ ಹೋಟೆಲಿನಲ್ಲೇ ನಮ್ಮ ಹುಡುಗರಿಗೂ ಕೊಠಡಿ ಕೊಡಬೇಕೆಂದು ಪಟ್ಟು ಹಿಡಿದು ಗೆದ್ದರು. ಅಂಗಳದಲ್ಲಿ ಸಮಾನರು, ಊಟದ ಮೇಜಿನಲ್ಲಿ ಬೇರೆ ಎಂಬುದನ್ನು ಅವರು ಒಪ್ಪುವವರಲ್ಲ. ಆ ಸಂಘದ ರಾಷ್ಟ್ರೀಯ ಪ್ರಶಸ್ತಿಯನ್ನು ಅವರ ತಂಡ 1957, 1958, 1959, ಹೀಗೆ ಸಾಲಾಗಿ ಮೂರು ವರ್ಷ ಗೆದ್ದಿತು. ಹಾಗೆ ಮೂರು ಸಲ ಎಡೆಬಿಡದೆ ಗೆದ್ದ ಕಾಲೇಜು ತಂಡ ಅದಕ್ಕೆ ಮುನ್ನ ಇರಲಿಲ್ಲ.

ಇಷ್ಟಾದ ಮೇಲೆ ದೊಡ್ಡ ವಿಶ್ವವಿದ್ಯಾನಿಲಯಗಳು ಪಲ್ಲಕ್ಕಿ ಕಳುಹಿಸಬೇಕಿತ್ತಲ್ಲವೆ? ಒಂದೂ ಕಳುಹಿಸಲಿಲ್ಲ. ಅವರು ಕ್ಲೀವ್‌ಲ್ಯಾಂಡಿನ ಪೈಪರ್ಸ್ ಎಂಬ ತಂಡಕ್ಕೆ ಹೋದರು. ಅದು 1961ರಲ್ಲಿ ವೃತ್ತಿಪರ ಕೂಟಕ್ಕೆ ಸೇರಿದಾಗ, ಅಂಥ ತಂಡಕ್ಕೆ ಮುಖ್ಯ ಶಿಕ್ಷಕರಾದ ಮೊದಲ ಕಪ್ಪು ಮನುಷ್ಯರು ಅವರೇ. ಒಡೆಯ ಜಾರ್ಜ್ ಸ್ಟೈನ್‌ಬ್ರೆನರ್ ಅವರಿಗೂ ಇವರಿಗೂ ಸರಿಹೋಗದೆ 1962ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಮತ್ತೆ ಕಾಲೇಜು: 1963ರಿಂದ ಮೂರು ವರ್ಷ ಕೆಂಟುಕಿ ಸ್ಟೇಟ್. 1966ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾನಿಲಯ ಅವರನ್ನು ಕರೆಯಿತು. ಬಿಳಿಯರೇ ಹೆಚ್ಚಾಗಿದ್ದ ವಿಶ್ವವಿದ್ಯಾನಿಲಯದಲ್ಲಿ ಕಪ್ಪು ಜನಾಂಗದ ಮುಖ್ಯ ಶಿಕ್ಷಕರು ನೇಮಕವಾದುದು ಅದೇ ಮೊದಲು. ಅಲ್ಲಿನ ಮೂರು ವರ್ಷಗಳಲ್ಲಿ 27 ಗೆಲವು, 42 ಸೋಲು. 1968ರ ಮೆಕ್ಸಿಕೊ ಒಲಿಂಪಿಕ್ಸಿಗೆ ಹೋದ ಅಮೆರಿಕ ತಂಡದ ಶಿಕ್ಷಕವರ್ಗದಲ್ಲಿ ಅವರಿದ್ದರು. 1969ರಲ್ಲಿ ಡೆನ್ವರಿನ ವೃತ್ತಿಪರ ತಂಡಕ್ಕೆ ಹೋದರು. ಇಪ್ಪತ್ತೆಂಟು ಪಂದ್ಯಗಳಲ್ಲಿ ಒಂಬತ್ತನ್ನಷ್ಟೇ ಗೆದ್ದುದರಿಂದ ಆ ಕೆಲಸವೂ ಹೋಯಿತು.

ಗೆಲವು ಸೋಲುಗಳ ಪಟ್ಟಿಯನ್ನೇ ನೋಡುವವರು ಕೊನೆಯ ವರ್ಷಗಳನ್ನು ಕಂಡು ತಲೆ ಅಲ್ಲಾಡಿಸಬಹುದು. ಅಂಥವರು ಇನ್ನೊಂದು ಪಟ್ಟಿಯನ್ನೂ ನೋಡಬೇಕು. ಅವರ ಗುರು ನೈಸ್ಮಿತ್ತರೇ ಕ್ಯಾನ್ಸಸ್ ತಂಡಕ್ಕೆ ಶಿಕ್ಷಕರಾಗಿದ್ದಾಗ 55 ಗೆದ್ದು 60 ಸೋತವರು. ಅಷ್ಟರಿಂದ ಅವರು ಹೂಡಿದ ಆಟ ಸೋತಿತೆ?

ಮಾನಸನ್ಮಾನಗಳ ವಿಷಯವೂ ಅಷ್ಟೆ. ಸ್ಪ್ರಿಂಗ್‌ಫೀಲ್ಡಿನಲ್ಲಿ ನೈಸ್ಮಿತ್ತರ ಹೆಸರಿನಲ್ಲಿ ಒಂದು ಕೀರ್ತಿಮಂದಿರವಿದೆ. ಕಾಲೇಜುಗಳಲ್ಲಿ ಐದು ನೂರಕ್ಕೂ ಹೆಚ್ಚು ಪಂದ್ಯ ಗೆದ್ದ ಮೆಕ್ಲೆಂಡನ್ನರನ್ನು 1979ರಲ್ಲಿ ಅಲ್ಲಿಗೆ ಸೇರಿಸಿದರು; ಆದರೆ ಶಿಕ್ಷಕರೆಂದು ಅಲ್ಲ, ಆಟಕ್ಕೆ ‘ಕಾಣಿಕೆ ಸಲ್ಲಿಸಿದವರು’ ಎಂದು. ಶಿಕ್ಷಕರೆಂದೇ ಹೆಸರು ಬರೆಯಲು 2016 ಆಗಬೇಕಾಯಿತು. ಅವರು 1999ರ ಅಕ್ಟೋಬರ್ 8ರಂದು ಕ್ಲೀವ್‌ಲ್ಯಾಂಡಿನಲ್ಲಿ ತೀರಿಕೊಂಡು ಆಗಲೇ ಹದಿನೇಳು ವರ್ಷ ಕಳೆಯುತ್ತ ಬಂದಿತ್ತು.

ಡರ್ಹಮ್, ಹ್ಯಾಂಪ್ಟನ್, ನ್ಯಾಶ್‌ವಿಲ್, ಕ್ಲೀವ್‌ಲ್ಯಾಂಡ್, ಕೆಂಟುಕಿ, ಡೆನ್ವರ್. ನಕಾಶೆಯ ಮೇಲೆ ಈ ಊರುಗಳನ್ನು ಗೆರೆ ಎಳೆದು ಕೂಡಿಸಿದರೆ ಒಬ್ಬ ಉದ್ಯೋಗಸ್ಥನ ಅಲೆದಾಟ ಕಾಣುತ್ತದೆ. ಇಸವಿಗಳನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ, ಯಾವ ಬಾಗಿಲು ಯಾವಾಗ ತೆರೆಯಿತು, ಯಾವುದು ಎಷ್ಟು ಕಾಲ ಮುಚ್ಚಿತ್ತು ಎಂಬುದೂ ತಿಳಿಯುತ್ತದೆ. ಅಗಳಿ ಹಾಕಿದ ಕೊಠಡಿಯಲ್ಲಿ ಹುಡುಗರು ಕಪ್ಪುಬಿಳಿಯೆನ್ನದೆ ಬೆರೆತು ಆಡಿದ ಆ ಬೆಳಗಿನ ಆಟವನ್ನು ದೇಶವೆಲ್ಲ ಬಾಗಿಲು ತೆರೆದು ಆಡಲು ಕಲಿತದ್ದು ಬಹಳ ತಡವಾಗಿ. ಮೇಷ್ಟರು ಮಾತ್ರ ಪಾಠವನ್ನು ಮೊದಲೇ ಹೇಳಿ ಮುಗಿಸಿದ್ದರು.