ಬಿಯರಿಗೆ ಬೇಸಿಗೆ ನಿಷಿದ್ಧವಾಗಿದ್ದ ಕಾಲ

ಇಂದಿನ ಜರ್ಮನಿಯ ದಕ್ಷಿಣ ಭಾಗದಲ್ಲಿರುವ ಬವೇರಿಯಾವನ್ನು ಆಳುತ್ತಿದ್ದ ಐದನೇ ಆಲ್ಬ್ರೆಕ್ಟ್ 1553ರಲ್ಲಿ ಒಂದು ಆಜ್ಞೆ ಹೊರಡಿಸಿದ. ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜನ ಹಬ್ಬದವರೆಗೆ ಮಾತ್ರ ಬಿಯರ್ ತಯಾರಿಸಬಹುದು. ಉಳಿದ ಐದು ತಿಂಗಳು, ಅಂದರೆ ಜನರಿಗೆ ಬಾಯಾರಿಕೆ ಹೆಚ್ಚಿರುವ ಬೇಸಿಗೆಯಲ್ಲೇ, ಒಲೆ ಹಚ್ಚುವಂತಿಲ್ಲ. ವಿಚಿತ್ರವಾಗಿ ಕಾಣುವ ಈ ಕಟ್ಟಳೆ ಸುಮಾರು ಮುನ್ನೂರು ವರ್ಷ ಜಾರಿಯಲ್ಲಿತ್ತು. ಬೇಸಿಗೆಯಲ್ಲಿ ಮಾಡಿದ ಬಿಯರ್ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಏಕೆ ಕೆಡುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಆ ಕೆಲಸವನ್ನು ಪಂಚಾಂಗವೇ ಮಾಡುತ್ತಿತ್ತು.

ದೋಸೆ ಹಿಟ್ಟು ರುಬ್ಬಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಸೆಂಬರಿನ ಚಳಿಯಲ್ಲಿ ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಅದೇ ಹಿಟ್ಟು ಬೆಳಗಾಗುವ ಮೊದಲೇ ಉಕ್ಕಿ ಚೆಲ್ಲಿರುತ್ತದೆ. ಆದರೆ ದೋಸೆಗೆ ಒಂದಿಷ್ಟು ಹುಳಿ ಬೇಕು, ಇಂಥ ಬಿಯರಿಗೆ ಬೇಡ. ಬಾರ್ಲಿಯ ಸಿಹಿನೀರಿನಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದಾಗ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆಗೆ ಶಾಖವೂ ಹುಟ್ಟುತ್ತದೆ. ಹೊರಗಿನ ಸೆಕೆಯ ಜೊತೆ ಈ ಒಳಗಿನ ಶಾಖವೂ ಸೇರಿದರೆ ಯೀಸ್ಟ್ ಹದ ತಪ್ಪುತ್ತದೆ. ಬಿಯರಿಗೆ ಅತಿಯಾದ ಬಾಳೆಹಣ್ಣಿನ ವಾಸನೆ, ಮೂಗಿಗೆ ಹೊಡೆಯುವ ಬಣ್ಣದ ತಿನ್ನರ್‌ನಂಥ ಘಾಟು ಬರುತ್ತದೆ. ಹುಳಿ ಹಿಡಿಸುವ ಬ್ಯಾಕ್ಟೀರಿಯಾಗಳಿಗೂ ಸೆಕೆಯೇ ಇಷ್ಟ. ಇಂಗ್ಲೆಂಡಿನ ಏಲ್ ಜಾತಿಯ ಬಿಯರಿಗೆ ಸಾಮಾನ್ಯವಾಗಿ 18ರಿಂದ 22 ಡಿಗ್ರಿ ಸೆಲ್ಸಿಯಸ್ ಹದವಾದರೆ, ಬವೇರಿಯಾದ ಲಾಗರ್‌ಗೆ 8ರಿಂದ 13 ಡಿಗ್ರಿಯ ತಂಪು ಬೇಕು.

ಈ ಶಾಖದ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಅಡುಗೆಮನೆಯ ಸಣ್ಣ ಪಾತ್ರೆಯಲ್ಲಿ ಹುಟ್ಟಿದ ಬಿಸಿ ಪಾತ್ರೆಯ ಮೈಯಿಂದಲೇ ಹೊರಗೆ ಹೋಗುತ್ತದೆ. ಸಾವಿರಾರು ಲೀಟರಿನ ತೊಟ್ಟಿಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಮಧ್ಯಯುಗದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಏಲ್ ತಯಾರಿಸುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಅವರು ಮಾಡುತ್ತಿದ್ದುದು ಮನೆಗೆ ಬೇಕಾದಷ್ಟು, ಮಿಕ್ಕಿದ್ದು ನೆರೆಹೊರೆಗೆ ಮಾರಾಟ. ಕೆಲವೇ ದಿನಗಳಲ್ಲಿ ಅದು ಖಾಲಿಯಾಗುತ್ತಿತ್ತು. ಬಿಸಿಯನ್ನು ಹತೋಟಿಯಲ್ಲಿಡುವುದು ದೊಡ್ಡ ತಲೆನೋವಾದದ್ದು ಬಿಯರ್ ಮನೆಯಿಂದ ದೊಡ್ಡ ತೊಟ್ಟಿಗೆ ಹೋದ ಮೇಲೆ.

18ನೇ ಶತಮಾನದ ಲಂಡನ್ನಿನ ದೊಡ್ಡ ಬ್ರೂವರಿಗಳಿಗೆ ಈ ತಲೆನೋವು ಚೆನ್ನಾಗಿ ಗೊತ್ತಿತ್ತು. ಮೈಕೇಲ್ ಕಾಂಬ್ರೂನ್ ಎಂಬ ಬಿಯರ್ ತಯಾರಕ 1762ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಥರ್ಮಾಮೀಟರ್ ಬಳಸಿ ಎಂದು ವಾದಿಸಿದ. ಅದುವರೆಗೆ ಕೈ ಅದ್ದಿ ನೋಡುವುದೇ ಅಳತೆ. ಹ್ಯಾಂಪ್‌ಷೈರಿನ ಆಲ್ಟನ್ ಊರಿನ ಜೇಮ್ಸ್ ಬ್ಯಾವರ್‌ಸ್ಟಾಕ್ ಎಂಬ ಯುವಕ ಆ ಕಾಲದಲ್ಲೇ ಥರ್ಮಾಮೀಟರ್ ಹಿಡಿದ. ಆದರೆ ಈ ಹೊಸ ಆಟಗಳು ಅವನ ಅಪ್ಪನಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಅಪ್ಪನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟುಕೊಂಡೇ ಅದನ್ನು ಬಳಸಬೇಕಾಯಿತು. ಶತಮಾನ ಮುಗಿಯುವ ಹೊತ್ತಿಗೆ ತೊಟ್ಟಿಯೊಳಗೆ ಕೊಳವೆ ಸುತ್ತಿ, ಅದರಲ್ಲಿ ತಣ್ಣೀರು ಹರಿಸಿ ಬಿಯರನ್ನು ತಂಪಾಗಿಡುವ ಏರ್ಪಾಡು ಬಂತು.

ಬವೇರಿಯಾದವರು ಹಿಡಿದ ದಾರಿ ನೆಲದೊಳಗಿನದು. ಚಳಿ ಮುಗಿಯುವ ಮೊದಲು, ಮಾರ್ಚಿಯಲ್ಲಿ, ಸ್ವಲ್ಪ ಗಟ್ಟಿಯಾದ ಬಿಯರ್ ಮಾಡಿ ಆಳದ ನೆಲಮಾಳಿಗೆಯಲ್ಲಿ ಕೂಡಿಡುತ್ತಿದ್ದರು. ಅದರ ಹೆಸರೇ 'ಮೆರ್ಟ್ಸೆನ್', ಮಾರ್ಚಿ ತಿಂಗಳದ್ದು. ಮಾಳಿಗೆಗೆ ಕೆರೆ, ಹೊಳೆಗಳ ಮಂಜುಗಡ್ಡೆ ಕತ್ತರಿಸಿ ತುಂಬುತ್ತಿದ್ದರು. ಅದರ ಮೇಲಿನ ನೆಲಕ್ಕೆ ಬಿಸಿಲು ಬೀಳದಿರಲೆಂದು ಅಗಲ ಎಲೆಯ ಚೆಸ್ಟ್‌ನಟ್ ಮರ ನೆಡುತ್ತಿದ್ದರು. ಆ ನೆರಳಿನಲ್ಲಿ ಜನ ಕೂತು ಕುಡಿಯತೊಡಗಿದರು. 1812ರಲ್ಲಿ ರಾಜ ಮ್ಯಾಕ್ಸಿಮಿಲಿಯನ್ ಜೋಸೆಫ್, ಮಾಳಿಗೆಯ ಬಳಿ ಬಿಯರ್ ಮತ್ತು ಬ್ರೆಡ್ ಮಾರಬಹುದು, ಬೇರೆ ಊಟ ಮಾರಬಾರದು ಎಂದ. ಮ್ಯೂನಿಕ್ಕಿನ ಹಳೆಯ ಬಿಯರ್ ತೋಟಗಳಿಗೆ ಇವತ್ತಿಗೂ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಆ ತೋಟಗಳ ಮೂಲ ಯೀಸ್ಟಿಗೆ ಬೇಕಾಗಿದ್ದ ತಂಪು.

1845ರಲ್ಲಿ ಡೆನ್ಮಾರ್ಕಿನ ಜೆ. ಸಿ. ಜೇಕಬ್‌ಸನ್ ಮ್ಯೂನಿಕ್ಕಿನ ಸ್ಪಾಟೆನ್ ಬ್ರೂವರಿಯಿಂದ ಲಾಗರ್ ಯೀಸ್ಟ್ ಪಡೆದು ಕೋಪನ್‌ಹೇಗನ್ನಿಗೆ ಹೊರಟ. ಕುದುರೆ ಗಾಡಿ ನಿಂತ ಕಡೆಯಲ್ಲೆಲ್ಲ ಇಳಿದು ಯೀಸ್ಟಿನ ಡಬ್ಬಿಗೆ ತಣ್ಣೀರು ಸುರಿಯುತ್ತಾ ಅದನ್ನು ಉಳಿಸಿಕೊಂಡ ಎಂದು ಹೇಳುತ್ತಾರೆ. ಅವನು ಕಟ್ಟಿದ ಕಾರ್ಲ್ಸ್‌ಬರ್ಗ್ ಸಂಸ್ಥೆಯ ಪ್ರಯೋಗಾಲಯದಲ್ಲಿ 1883ರಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ. ಅಷ್ಟರಲ್ಲಿ ಮ್ಯೂನಿಕ್ಕಿನ ಪ್ರಾಧ್ಯಾಪಕ ಕಾರ್ಲ್ ಲಿಂಡೆ, ಬ್ರೂವರಿಗಳ ನೆರವಿನಿಂದ 1870ರ ದಶಕದಲ್ಲಿ ತಂಪುಯಂತ್ರ ರೂಪಿಸಿದ್ದ. ನಮ್ಮ ಮನೆಯ ಫ್ರಿಜ್ಜಿನ ಹಿರೀಕರಲ್ಲಿ ಒಬ್ಬನಾದ ಆ ಯಂತ್ರ ಮೊದಲು ಕಾಯ್ದದ್ದು ಹಾಲು, ತರಕಾರಿಯನ್ನಲ್ಲ, ಬಿಯರನ್ನು. ಈಗ ಪಂಚಾಂಗವೂ ಬೇಡ, ಮಂಜುಗಡ್ಡೆಯೂ ಬೇಡ, ಬಂಡವಾಳವಿದ್ದರೆ ಸಾಕು.

ಬಂಡವಾಳ ಇಲ್ಲದವರು ಕಳೆದುಕೊಂಡದ್ದು ವ್ಯಾಪಾರ ಮಾತ್ರವಲ್ಲ, ರುಚಿಯ ಮೇಲಿನ ಅಧಿಕಾರವನ್ನೂ. ಎಲ್ಲ ಕಾಲಕ್ಕೂ ಒಂದೇ ರುಚಿಯ, ತಿಳಿಯಾದ, ತಣ್ಣನೆಯ ಲಾಗರೇ 'ಒಳ್ಳೆಯ ಬಿಯರ್' ಎನಿಸಿತು. ಮನೆಯ ಬಿಯರ್ ಒರಟೆನಿಸಿತು. ಕಾನೂನೂ ಮನೆಯವರ ಪರವಾಗಿರಲಿಲ್ಲ. ಮನೆಯಲ್ಲಿ ಬಿಯರ್ ಮಾಡಲು ಲೈಸೆನ್ಸ್ ಬೇಕೆಂಬ ನಿಯಮವನ್ನು ಬ್ರಿಟನ್ ತೆಗೆದದ್ದು 1963ರಲ್ಲಿ. ಅಮೆರಿಕದಲ್ಲಿ ಪಾನನಿಷೇಧ 1933ರಲ್ಲೇ ಹೋದರೂ, ಮನೆಯ ಬಿಯರಿಗೆ ಒಕ್ಕೂಟ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ.

ಹೀಗೆ ಮನೆಗೆ ಮರಳಿದ ಬಿಯರ್ ಹಳೆಯ ಸಮಸ್ಯೆಯನ್ನೂ ಜೊತೆಗೇ ತಂದಿತು. ಇಪ್ಪತ್ತು ಲೀಟರಿನ ಬಕೆಟ್ಟನ್ನು ನೀರಿನ ಟಬ್ಬಿನಲ್ಲಿ ಕೂರಿಸುವುದು, ಮಣ್ಣಿನ ಹೂಜಿಗೆ ಮಾಡುವಂತೆ ಒದ್ದೆ ಬಟ್ಟೆ ಸುತ್ತುವುದು, ಹೆಪ್ಪುಗಟ್ಟಿದ ನೀರಿನ ಬಾಟಲಿ ಬದಲಿಸುತ್ತಾ ಇರುವುದು, ಕೊನೆಗೆ ಹಳೆಯ ಫ್ರಿಜ್ಜಿಗೆ ಥರ್ಮೋಸ್ಟಾಟ್ ಜೋಡಿಸುವುದು: ಮೂರು ಶತಮಾನಗಳ ಉಪಾಯಗಳೆಲ್ಲ ಈಗ ಒಂದು ಅಡುಗೆಮನೆಯಲ್ಲಿ ಮತ್ತೆ ನಡೆಯುತ್ತವೆ.

ಆದರೆ ಮನೆಗೆ ತನ್ನದೇ ಆದ ಇನ್ನೊಂದು ಉತ್ತರವಿತ್ತು. ಪಶ್ಚಿಮ ನಾರ್ವೆಯ ರೈತರು 'ಕ್ವೈಕ್' ಎಂಬ ತಮ್ಮ ಯೀಸ್ಟನ್ನು ಮರದ ಬಳೆಗಳ ಮೇಲೆ ಒಣಗಿಸಿ, ಮನೆಯಿಂದ ಮನೆಗೆ ಕೊಟ್ಟು ತೆಗೆದುಕೊಂಡು ಉಳಿಸಿಕೊಂಡು ಬಂದರು. ವಾಸ್ ಸೀಮೆಯವರು ಅದನ್ನು ಹಾಕುವುದು ಮೈಬಿಸಿಯಷ್ಟೇ ಬಿಸಿಯಿರುವ ಸಿಹಿನೀರಿಗೆ. ಬೇರೆ ಯೀಸ್ಟು ಕೆಟ್ಟು ಹೋಗುವ ಆ ಬಿಸಿಯಲ್ಲಿ ಇದು ಎರಡು ಮೂರು ದಿನದಲ್ಲಿ ಕೆಲಸ ಮುಗಿಸಿ, ಕಿತ್ತಳೆಯ ಪರಿಮಳ ಬಿಡುತ್ತದೆ. ಅವರು ಬಿಸಿಯನ್ನು ಹತೋಟಿಗೆ ತರಲಿಲ್ಲ. ತಮ್ಮ ಮನೆಯ ಬಿಸಿಗೆ ಒಗ್ಗುವ ಯೀಸ್ಟನ್ನು ತಲೆಮಾರುಗಟ್ಟಲೆ ಆರಿಸಿಕೊಂಡರು. ಕಾರ್ಖಾನೆಯ ಇತಿಹಾಸದಲ್ಲಿ ಅವರ ಹೆಸರಿಲ್ಲ, ಆದರೆ ಅವರು ಕಾಪಾಡಿದ ಯೀಸ್ಟನ್ನು ಈಗ ಜಗತ್ತಿನ ಬ್ರೂವರಿಗಳೇ ಕೊಂಡು ತರುತ್ತಿವೆ.